ದ್ವೀಪದ ಅತಿಥಿ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು. ಭೂಗೋಳದ ಪುಸ್ತಕವು ನಮಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಉಷ್ಣವಲಯದ ಒಂದು ಚಿಕ್ಕ ದ್ವೀಪದಲ್ಲಿ ನಾಲ್ಕು ದಿನ ಕಣ್ತೆರೆದುಕೊಂಡು ತಂಗಿದವರು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬಹುದು: ಸುತ್ತಲೂ ನೀರಿದ್ದರೂ ಕುಡಿಯುವ ನೀರನ್ನು ಅಳೆದು ಬಳಸಬೇಕಾದ ಸ್ಥಳವೇ ದ್ವೀಪ.

ಬಿಡುವಿನ ದಿನಗಳನ್ನು ದ್ವೀಪದಲ್ಲಿ ಕಳೆಯಬೇಕೆಂಬ ಆಸೆ ಇಂದು ಲೋಕದಲ್ಲೆಲ್ಲ ಹರಡಿದೆ. ಶೀತದೇಶಗಳ ಜನರು ಬಿಸಿಲನ್ನು ಅರಸಿಕೊಂಡು ಬರುತ್ತಾರೆ. ನಗರವಾಸಿಗಳು ಗದ್ದಲವಿಲ್ಲದ ಎಡೆಯನ್ನು ಅರಸಿಕೊಂಡು ಬರುತ್ತಾರೆ. ಬಿಳಿಯ ಮರಳು, ಬಾಗಿದ ತೆಂಗು, ನೀಲಿಯ ಕಡಲು, ಇವು ಎಲ್ಲರ ಮನಸ್ಸಿನಲ್ಲಿಯೂ ಮೂಡಿರುವ ಚಿತ್ರ. ಈ ಚಿತ್ರದಲ್ಲಿ ಕಾಣುವುದೆಲ್ಲವೂ ದ್ವೀಪದಲ್ಲಿ ಹೇರಳವಾಗಿದೆ. ಬಿಸಿಲಿಗೆ, ಗಾಳಿಗೆ, ಕಡಲಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಪ್ರವಾಸಿಗನು ಊರಿನಲ್ಲಿದ್ದಾಗ ಯೋಚಿಸದೆಯೇ ಬಳಸುವ ಸಿಹಿನೀರು, ನೆಲ, ವಿದ್ಯುಚ್ಛಕ್ತಿ, ಕಸವನ್ನು ಹಾಕುವ ಜಾಗ ಇವೆಲ್ಲ ಅಲ್ಲಿ ಅತ್ಯಲ್ಪ. ದ್ವೀಪದ ಸಿರಿ ಕಣ್ಣಿಗೆ ಕಾಣುತ್ತದೆ. ಅದರ ಬಡತನ ಕಾಣುವುದಿಲ್ಲ. ಎರಡನ್ನೂ ಕಂಡವನಿಗೆ ಮಾತ್ರ ದ್ವೀಪದ ಪರಿಚಯವಾಯಿತೆಂದು ಹೇಳಬಹುದು. ನಮ್ಮ ದೇಶಕ್ಕೇ ಸೇರಿದ ಲಕ್ಷದ್ವೀಪವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಪರಿಶೀಲಿಸೋಣ.

ಅರಬ್ಬೀ ಸಮುದ್ರದಲ್ಲಿ, ಕೇರಳದ ಕರಾವಳಿಗೆ ಪಶ್ಚಿಮದಲ್ಲಿ, ಉತ್ತರ ಅಕ್ಷಾಂಶ ಸುಮಾರು 8 ಡಿಗ್ರಿಯಿಂದ 12 ಡಿಗ್ರಿಯವರೆಗೆ ಈ ದ್ವೀಪಗಳು ಚದುರಿಕೊಂಡಿವೆ. ಹೆಸರು ಲಕ್ಷದ್ವೀಪವಾದರೂ ಲೆಕ್ಕಕ್ಕೆ ಸಿಕ್ಕುವವು ಮೂವತ್ತಾರು ಮಾತ್ರ. ಅವುಗಳಲ್ಲಿ ಜನರು ನೆಲೆಸಿರುವವು ಹತ್ತು. ಎಲ್ಲ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೂ ಅದರ ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯ ಪ್ರಕಾರ ಇಷ್ಟು ನೆಲದಲ್ಲಿ 64 ಸಾವಿರಕ್ಕಿಂತ ಹೆಚ್ಚು ಜನರು ವಾಸವಾಗಿದ್ದರು. ರಾಜಧಾನಿಯಾದ ಕವರತ್ತಿಯ ವಿಸ್ತೀರ್ಣ ಸುಮಾರು ನಾಲ್ಕು ಚದರ ಕಿಲೋಮೀಟರು. ಅಲ್ಲಿನ ಜನಸಂಖ್ಯೆ ಅಂದು ಸುಮಾರು ಹನ್ನೊಂದು ಸಾವಿರ.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಹಳೆಯ ನಂಟಿದೆ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳಿಗೆ ಅಮಿನ್‌ದಿವಿ ದ್ವೀಪಗಳೆಂದು ಹೆಸರು. ಅಮಿನಿಯ ಜನರು ತಮ್ಮ ಅರಸರ ಕಾಟವನ್ನು ತಾಳಲಾರದೆ 1783ರಲ್ಲಿ ಮಂಗಳೂರಿನಲ್ಲಿದ್ದ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಅವನ ಆಳ್ವಿಕೆಗೆ ಒಳಪಟ್ಟವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವು ರಚಿತವಾಗುವವರೆಗೂ ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿಯನ್ನು ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು. ಮರಳಿ ಹೋಗುವಾಗ ಅಕ್ಕಿಯನ್ನು ಒಯ್ಯುತ್ತಿದ್ದರು. ದ್ವೀಪದ ನೆಲದಲ್ಲಿ ತೆಂಗು ಬೆಳೆಯುತ್ತದೆಯೇ ಹೊರತು ಭತ್ತ ಬೆಳೆಯುವುದಿಲ್ಲ. ದ್ವೀಪದ ಬಡತನದ ಮೊದಲ ಸುಳಿವು ನಮಗೆ ಈ ವ್ಯಾಪಾರದಲ್ಲಿಯೇ ಸಿಕ್ಕುತ್ತದೆ.

ಇಂದು ಪ್ರವಾಸಿಗರು ಬಹುಮಟ್ಟಿಗೆ ಕೊಚ್ಚಿಯಿಂದ ಹೊರಡುತ್ತಾರೆ. ಮೊದಲೇ ಅರ್ಜಿ ಹಾಕಿ ಅನುಮತಿಪತ್ರವನ್ನು ಪಡೆಯದೆ ದ್ವೀಪದಲ್ಲಿ ಕಾಲಿಡುವಂತಿಲ್ಲ. ಅಗತ್ತಿಯಲ್ಲಿ 1988ರಲ್ಲಿ ವಿಮಾನ ನಿಲ್ದಾಣವು ಆರಂಭವಾಯಿತು. ದ್ವೀಪದ ಉದ್ದಕ್ಕೆ ಹಾಸಿದಂತಿರುವ ಆ ಕಿರಿದಾದ ಓಡುದಾರಿಯ ಎರಡು ಪಕ್ಕಗಳಲ್ಲಿಯೂ ಕಡಲು ಕಾಣುತ್ತದೆ. ಹಡಗಿನಲ್ಲಿ ಹೋಗುವವರಿಗೆ ಒಂದು ರಾತ್ರಿಯ ಪ್ರಯಾಣ. ಕರೆಯು ಕಣ್ಮರೆಯಾದ ಮೇಲೆ ಕಡು ನೀಲಿಯ ನೀರಲ್ಲದೆ ಬೇರೇನೂ ಇಲ್ಲ. ಬೆಳಗಾದಾಗ ದೂರದಲ್ಲಿ ಹಸಿರಿನ ಒಂದು ಗೆರೆ ಮೂಡುತ್ತದೆ. ಬೆಟ್ಟವಿಲ್ಲ, ದಿಣ್ಣೆಯಿಲ್ಲ, ತೆಂಗಿನ ಮರಗಳು ನೀರಿನ ಮೇಲೆಯೇ ನಿಂತಿವೆಯೋ ಎಂಬಂತೆ ತೋರುತ್ತದೆ. ಅನೇಕ ದ್ವೀಪಗಳಲ್ಲಿ ಹಡಗು ದಡದವರೆಗೆ ಹೋಗಲಾರದು. ಹವಳದ ದಿಬ್ಬದ ಹೊರಗೆ ಅದು ಲಂಗರು ಹಾಕುತ್ತದೆ. ಪ್ರಯಾಣಿಕರು ಅಲೆಗಳ ಮೇಲೆ ಏರಿಳಿಯುತ್ತಿರುವ ದೋಣಿಗೆ ಇಳಿದು, ದಿಬ್ಬದಲ್ಲಿರುವ ಕಿರಿದಾದ ಕಂಡಿಯ ಮೂಲಕ ಒಳಗೆ ಸಾಗಬೇಕು.

ಆ ಕಂಡಿಯನ್ನು ದಾಟಿದ ಕ್ಷಣವೇ ದ್ವೀಪಯಾತ್ರೆಯ ಪರಮಾನಂದದ ಕ್ಷಣ. ಹೊರಗೆ ಮೊರೆಯುತ್ತಿದ್ದ ಕಡಲು ಒಮ್ಮೆಲೇ ಶಾಂತವಾಗುತ್ತದೆ. ಕಡು ನೀಲಿ ಬಣ್ಣ ಮಾಯವಾಗಿ ಪಚ್ಚೆಯ ತಿಳಿಬಣ್ಣ ಕಾಣುತ್ತದೆ. ನೀರು ಎಷ್ಟು ತಿಳಿಯೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದು ಜೊತೆಯಲ್ಲಿಯೇ ಬರುತ್ತದೆ. ದಿಬ್ಬಕ್ಕೂ ದ್ವೀಪಕ್ಕೂ ನಡುವೆ ಇರುವ ಈ ಆಳವಿಲ್ಲದ ಒಳಗಡಲಿಗೆ ಲಗೂನು ಎಂದು ಹೆಸರು. ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರಾದರೆ ಲಗೂನುಗಳ ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರು.

ಮೊದಲನೆಯ ದಿನ ಪ್ರವಾಸಿಗನನ್ನು ಬೆರಗುಗೊಳಿಸುವುದು ದ್ವೀಪದ ಕಿರಿದಾದ ಅಳತೆ. ಒಂದು ದಡದಲ್ಲಿ ಸೂರ್ಯೋದಯವನ್ನು ಕಂಡವನು ಹತ್ತಿಪ್ಪತ್ತು ನಿಮಿಷ ನಡೆದರೆ ಸೂರ್ಯನು ಮುಳುಗುವ ದಡವನ್ನು ಸೇರುತ್ತಾನೆ. ರಾತ್ರಿ ಮಲಗಿದಾಗ ದಿಬ್ಬಕ್ಕೆ ಅಪ್ಪಳಿಸುವ ಅಲೆಗಳ ಸದ್ದು ದೂರದಿಂದ ಎಡೆಬಿಡದೆ ಕೇಳುತ್ತದೆ. ಮಲೆನಾಡಿನವನಿಗೆ ಅದು ಕಾಡಿನ ಮಳೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಎರಡನೆಯ ದಿನದ ಹೊತ್ತಿಗೆ ಗಡಿಯಾರವನ್ನು ನೋಡುವ ಅಭ್ಯಾಸ ತಪ್ಪುತ್ತದೆ. ಭರತ ಇಳಿತಗಳೇ ಹೊತ್ತನ್ನು ತಿಳಿಸುತ್ತವೆ. ಹಾಗೆಯೇ ಕೆಲವು ಅಡಚಣೆಗಳೂ ಅನುಭವಕ್ಕೆ ಬರುತ್ತವೆ. ತರಕಾರಿ, ಹಾಲಿನ ಪುಡಿ, ದಿನಸಿ ಎಲ್ಲವೂ ಹಡಗಿನಿಂದಲೇ ಬರಬೇಕು. ವಿದ್ಯುತ್ತಿನ ಬಹುಪಾಲನ್ನು ಒದಗಿಸುವ ಯಂತ್ರಗಳಿಗೆ ಬೇಕಾದ ಡೀಸೆಲ್ ಎಣ್ಣೆಯೂ ಹಡಗಿನಿಂದಲೇ ಬರಬೇಕು. ಮುಂಗಾರಿನ ಕಾಲದಲ್ಲಿ ಕಡಲು ಕೆರಳಿದಾಗ ಹಡಗುಗಳ ಓಡಾಟ ವಿರಳವಾಗುತ್ತದೆ. ಹಡಗಿನ ಪ್ರವಾಸಗಳು ನಿಲ್ಲುತ್ತವೆ. ಆಗ ಪ್ರವಾಸಿಗನು ತನ್ನ ಮನೆಯಲ್ಲಿರುತ್ತಾನೆ. ದ್ವೀಪದವನು ಸಂಗ್ರಹಿಸಿಟ್ಟ ಅಕ್ಕಿಯನ್ನು ನೆಚ್ಚಿಕೊಂಡಿರುತ್ತಾನೆ.

ನಡುಗಡಲಿನಲ್ಲಿ ಈ ನೆಲ ಹೇಗೆ ಬಂದಿತು? ಪ್ರಕೃತಿವಿಜ್ಞಾನಿಯಾದ ಚಾರ್ಲ್ಸ್ ಡಾರ್ವಿನನು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದನು. ಬೀಗಲ್ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತುತ್ತಿದ್ದಾಗ ಅವನು 1836ರ ಏಪ್ರಿಲ್ ತಿಂಗಳಿನಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ಎಂಬ ಹವಳದ ದ್ವೀಪಗಳನ್ನು ಕಂಡನು. ಹಿಂದೆ ಅಂತಹ ಕಡೆಗಳಲ್ಲಿ ಅಗ್ನಿಪರ್ವತಗಳಿದ್ದವು. ಅವುಗಳ ಅಂಚಿನಲ್ಲಿ ಹವಳಗಳು ಬೆಳೆದವು. ಪರ್ವತವು ಮೆಲ್ಲಮೆಲ್ಲನೆ ಕುಸಿದು ಮುಳುಗುತ್ತಿದ್ದಂತೆ ಹವಳಗಳು ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತಲೇ ಹೋದವು. ಕೊನೆಗೆ ಪರ್ವತವು ಮರೆಯಾಗಿ ಹವಳದ ಉಂಗುರವೊಂದೇ ಉಳಿಯಿತು, ಎಂದು ಅವನು ಊಹಿಸಿದನು. 1842ರಲ್ಲಿ ಅವನು ಈ ವಾದವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, 1952ರಲ್ಲಿ, ಪೆಸಿಫಿಕ್ ಸಾಗರದ ಎನಿವೆಟೊಕ್ ಎಂಬಲ್ಲಿ ಹವಳದ ದಿಬ್ಬವನ್ನು ಕೊರೆದು ನೋಡಿದಾಗ ಸುಮಾರು 1,400 ಮೀಟರು ಆಳದಲ್ಲಿ ಅಗ್ನಿಶಿಲೆಯು ದೊರೆಯಿತು. ಡಾರ್ವಿನನ ಊಹೆಗೆ ಅಲ್ಲಿ ಬಲವಾದ ಆಧಾರ ಸಿಕ್ಕಿತು.

ಈ ಮಹತ್ಕಾರ್ಯವನ್ನು ಸಾಧಿಸಿದ ಹವಳದ ಜೀವಿಯು ಬಹುತೇಕ ಜಾತಿಗಳಲ್ಲಿ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಅದು ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿಕೊಂಡು ತನ್ನ ಸುತ್ತ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸಮಾಡುತ್ತವೆ. ಅವು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಹವಳಕ್ಕೆ ಉಣಿಸುತ್ತವೆ; ಹವಳವು ಅವುಗಳಿಗೆ ನೆಲೆಯನ್ನು ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದು ಬಹುಮಟ್ಟಿಗೆ ಈ ಪಾಚಿಯಿಂದಲೇ. ಅಲೆಗಳು ಹವಳವನ್ನು ಪುಡಿಮಾಡುತ್ತವೆ. ಗಿಳಿಮೀನುಗಳು ಹವಳದ ಬಂಡೆಯನ್ನು ಕಚ್ಚಿ ಕೆರೆದು, ಅದರ ಮೇಲಿನ ಪಾಚಿಯನ್ನು ಅರಗಿಸಿಕೊಂಡು, ಉಳಿದ ಸುಣ್ಣವನ್ನು ನುಣ್ಣನೆಯ ಮರಳಾಗಿ ಹೊರಹಾಕುತ್ತವೆ. ದೊಡ್ಡ ಜಾತಿಯ ಒಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋಗ್ರಾಂ ಮರಳನ್ನು ತಯಾರಿಸಬಲ್ಲುದು. ಪ್ರವಾಸಿಗನು ಬರಿಗಾಲಿನಲ್ಲಿ ನಡೆದು ಸಂತೋಷಪಡುವ ಬಿಳಿಯ ಮರಳು ಹೀಗೆ ಜೀವಿಗಳ ದುಡಿಮೆಯಿಂದ ಬಂದದ್ದು. ಹವಳವು ಬದುಕಿರುವವರೆಗೆ ಸವೆದ ನೆಲಕ್ಕೆ ಹೊಸ ಮರಳು ಸೇರುತ್ತಿರುತ್ತದೆ. ಹವಳವು ಸತ್ತರೆ ದ್ವೀಪಕ್ಕೆ ಬರುವ ಆದಾಯ ನಿಂತು ವೆಚ್ಚ ಮಾತ್ರ ಉಳಿಯುತ್ತದೆ.

ಗಾಜಿನ ತಳದ ದೋಣಿಯಲ್ಲಿ ಕುಳಿತು, ಅಥವಾ ಮುಖಕ್ಕೆ ಗಾಜಿನ ಕವಚವನ್ನೂ ಬಾಯಿಗೆ ಉಸಿರಾಟದ ಕೊಳವೆಯನ್ನೂ ಧರಿಸಿ ಈಜುತ್ತಾ, ಪ್ರವಾಸಿಗರು ಈ ಲೋಕವನ್ನು ನೋಡುತ್ತಾರೆ. ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳಗಳು, ಮಿದುಳಿನಂತೆ ಸುರುಳಿಗಟ್ಟಿದ ಹವಳಗಳು, ಅವುಗಳ ನಡುವೆ ಚಿಟ್ಟೆಗಳಂತೆ ಸುಳಿಯುವ ಬಣ್ಣಬಣ್ಣದ ಮೀನುಗಳು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ಆದರೆ ಈಜಿ ದಣಿದವನು ತಿಳಿಯದೆ ಹವಳದ ಮೇಲೆ ಕಾಲೂರಿ ನಿಂತರೆ ಹತ್ತಾರು ವರ್ಷಗಳ ಬೆಳವಣಿಗೆ ಒಂದು ಗಳಿಗೆಯಲ್ಲಿ ಮುರಿದುಹೋಗುತ್ತದೆ. ಕಲ್ಲಿನಂತೆ ಕಾಣುವುದರಿಂದ ಅದು ಜೀವವೆಂಬುದು ಅವನಿಗೆ ಹೊಳೆಯುವುದಿಲ್ಲ. ನೆನಪಿಗಾಗಿ ಒಂದು ಹವಳದ ತುಂಡನ್ನು ಚೀಲದಲ್ಲಿ ಹಾಕಿಕೊಳ್ಳುವುದೂ ಸಣ್ಣ ವಿಷಯವಲ್ಲ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಅವುಗಳನ್ನು ಮುರಿದು ಒಯ್ಯುವುದು ಶಿಕ್ಷಾರ್ಹವಾದ ಅಪರಾಧ.

ಇನ್ನು ನೀರಿನ ವಿಷಯಕ್ಕೆ ಬರೋಣ. ಈ ವಿಷಯದಲ್ಲಿ ನಮಗೆ ನೆರವಾಗುವವನು ಆರುನೂರು ವರ್ಷಗಳಿಗೂ ಹಿಂದಿನ ಒಬ್ಬ ಪ್ರವಾಸಿ. ಲಕ್ಷದ್ವೀಪದ ದಕ್ಷಿಣಕ್ಕೆ, ಅದೇ ಕಡಲಡಿಯ ಏಣಿನ ಮೇಲೆ, ಮಾಲ್ಡೀವ್ಸ್ ದ್ವೀಪಗಳಿವೆ. ಅವೂ ಹವಳದ ದ್ವೀಪಗಳೇ. ಮೊರಾಕ್ಕೊ ದೇಶದ ಇಬ್ನ್ ಬತೂತನು ನಮ್ಮ ಹೊನ್ನಾವರವನ್ನೂ ಕಲ್ಲಿಕೋಟೆಯನ್ನೂ ನೋಡಿಕೊಂಡು 1343ರಲ್ಲಿ ಅಲ್ಲಿಗೆ ಹೋದನು. ಅಲ್ಲಿನ ದೊರೆತನವು ಅವನನ್ನು ನ್ಯಾಯಾಧೀಶನನ್ನಾಗಿ ನೇಮಿಸಿತು. ಹಡಗೊಂದು ಬಂದಾಗ ದ್ವೀಪದವರು ಎಳನೀರನ್ನೂ ವೀಳ್ಯದೆಲೆಯನ್ನೂ ಹಿಡಿದುಕೊಂಡು ಚಿಕ್ಕ ದೋಣಿಗಳಲ್ಲಿ ಎದುರು ಹೋಗುತ್ತಿದ್ದರೆಂದೂ, ಅದನ್ನು ಯಾರಿಗೆ ಕೊಟ್ಟರೋ ಆ ಪರದೇಶಿಯು ಕೊಟ್ಟವನ ಮನೆಯ ಅತಿಥಿಯಾಗುತ್ತಿದ್ದನೆಂದೂ ಅವನು ಬರೆದಿದ್ದಾನೆ. ಕವಡೆಗಳೇ ಅಲ್ಲಿ ಹಣವಾಗಿದ್ದುದನ್ನೂ, ಅವನ್ನು ಬಂಗಾಳಕ್ಕೆ ಕಳುಹಿಸಿ ಅಕ್ಕಿಯನ್ನು ತರಿಸುತ್ತಿದ್ದುದನ್ನೂ ಗಮನಿಸಿದ್ದಾನೆ. ಇವುಗಳೊಂದಿಗೆ ಇನ್ನೊಂದು ಸಣ್ಣ ಸಂಗತಿಯನ್ನೂ ಅವನು ದಾಖಲಿಸಿದ್ದಾನೆ. ಮನೆಯ ಬಾಗಿಲಲ್ಲಿ ಕಾಲು ತೊಳೆಯಲು ನೀರಿನ ಹರವಿಯೂ, ಎರಡು ಮೊಳದ ಹಿಡಿಯುಳ್ಳ ತೆಂಗಿನ ಕರಟದ ಸೌಟೂ ಇರುತ್ತಿದ್ದವು. ಬಾವಿಗಳು ಅಷ್ಟು ಮೇಲ್ಮಟ್ಟದಲ್ಲಿದ್ದುದರಿಂದ ಅದೇ ಸೌಟಿನಿಂದ ನೀರನ್ನು ಮೊಗೆಯುತ್ತಿದ್ದರು.

ಈ ಕರಟದ ಸೌಟು ಒಂದು ಭೌತವಿಜ್ಞಾನದ ನಿಯಮವನ್ನೇ ಹೇಳುತ್ತದೆ. ಹವಳದ ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗೆ ಹರಡಿಕೊಂಡಿರುವ ಉಪ್ಪುನೀರಿನ ಮೇಲೆ ತೇಲುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರ. ಎರಡರ ತೂಕದ ಅಂತರವನ್ನು ಲೆಕ್ಕಹಾಕಿದರೆ, ಸಮುದ್ರಮಟ್ಟಕ್ಕಿಂತ ಒಂದು ಗೇಣು ಮೇಲೆ ನಿಂತ ಸಿಹಿನೀರು ಸುಮಾರು ನಲವತ್ತು ಗೇಣು ಆಳದವರೆಗೆ ಉಪ್ಪುನೀರನ್ನು ಒತ್ತಿ ಹಿಡಿಯಬಲ್ಲುದು. ಆದುದರಿಂದ ಸಿಹಿನೀರಿನ ಪದರವು ನಡುವೆ ದಪ್ಪವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಮಸೂರದ ಆಕಾರದಲ್ಲಿ ಇರುತ್ತದೆ. ಇದು ಹೇಗೆ ಲಾಭದ ಲೆಕ್ಕವೋ ಹಾಗೆಯೇ ನಷ್ಟದ ಲೆಕ್ಕವೂ ಹೌದು. ಯಂತ್ರವನ್ನು ಹೂಡಿ ಅತಿಯಾಗಿ ನೀರೆತ್ತಿ ಮೇಲ್ಮಟ್ಟವನ್ನು ಒಂದು ಗೇಣು ತಗ್ಗಿಸಿದರೆ, ಕೆಳಗಿನಿಂದ ಉಪ್ಪುನೀರು ನಲವತ್ತು ಗೇಣಿನವರೆಗೆ ಏರಿಬರಬಹುದು. ಒಮ್ಮೆ ಉಪ್ಪಾದ ಬಾವಿಯು ಮತ್ತೆ ಸಿಹಿಯಾಗಲು ಬಹುಕಾಲ ಬೇಕು. ಸೌಟಿನಿಂದ ಮೊಗೆಯುತ್ತಿದ್ದ ಜನರು ಈ ಲೆಕ್ಕವನ್ನು ಬರೆದಿಡಲಿಲ್ಲವಾದರೂ ಅದನ್ನು ಮೀರುವಷ್ಟು ನೀರನ್ನು ಆ ಸೌಟಿನಿಂದ ಎತ್ತುವಂತಿರಲಿಲ್ಲ.

ಜನಸಂಖ್ಯೆಯು ಹೆಚ್ಚಿದಂತೆ ಬಾವಿಗಳು ಸಾಲದಾದವು. ಹತ್ತಿರ ಹತ್ತಿರವಿರುವ ಮನೆಗಳ ಶೌಚಗುಂಡಿಗಳಿಂದ ಬಾವಿಯ ನೀರು ಕೆಡುವ ಭಯವೂ ಉಂಟಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಮಾಡುವ ಸ್ಥಾವರವನ್ನು ಸ್ಥಾಪಿಸಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಒತ್ತಡವನ್ನು ತಗ್ಗಿಸಿದ ಕೋಣೆಯೊಳಗೆ ಬಿಟ್ಟರೆ ಅದರ ಒಂದು ಭಾಗ ಕುದಿಸದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರು ಆಳದಿಂದ ಕೊಳವೆಯ ಮೂಲಕ ತಂದ ತಣ್ಣೀರು ಆ ಆವಿಯನ್ನು ತಣಿಸಿ ಸಿಹಿನೀರನ್ನಾಗಿ ಮಾಡುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರು ನೀರನ್ನು ಕೊಡುವಂತೆ ಅದನ್ನು ರೂಪಿಸಲಾಯಿತು. ಇದು ಹೆಮ್ಮೆಪಡತಕ್ಕ ಸಾಧನೆಯೇ ಸರಿ. ಆದರೂ ಆ ಒಂದು ಲಕ್ಷ ಲೀಟರನ್ನು ಹನ್ನೊಂದು ಸಾವಿರ ಜನರಿಗೆ ಹಂಚಿ ನೋಡಿದರೆ ತಲೆಗೆ ಒಂಬತ್ತು ಲೀಟರು, ಎಂದರೆ ದೊಡ್ಡ ಬಕೆಟ್ಟಿನ ಅರ್ಧದಷ್ಟು ಮಾತ್ರ. ನಗರದ ಅಭ್ಯಾಸದಂತೆ ನಲ್ಲಿಯನ್ನು ತೆರೆದಿಟ್ಟು ಸ್ನಾನಮಾಡುವ ಅತಿಥಿಯು ಈ ಭಾಗಾಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಯಂತ್ರವನ್ನೇ ಪೂರ್ಣವಾಗಿ ನಂಬಿದರೆ ಏನಾಗಬಹುದೆಂಬುದಕ್ಕೆ ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ನಡೆದ ಘಟನೆ ಸಾಕ್ಷಿಯಾಗಿದೆ. 2014ರ ಡಿಸೆಂಬರ್ 4ರಂದು ಅಲ್ಲಿನ ನೀರು ಶುದ್ಧೀಕರಿಸುವ ಸ್ಥಾವರದಲ್ಲಿ ಬೆಂಕಿ ಹತ್ತಿಕೊಂಡಿತು. ಒಂದು ಲಕ್ಷಕ್ಕೂ ಮಿಕ್ಕ ಜನರಿದ್ದ ನಗರದ ನಲ್ಲಿಗಳು ಬತ್ತಿದವು. ಸುತ್ತಲೂ ಕಣ್ಣು ಹಾಯಿಸಿದಷ್ಟು ದೂರ ನೀರು. ಕುಡಿಯಲು ಮಾತ್ರ ಇಲ್ಲ. ಭಾರತವು ವಾಯುಪಡೆಯ ವಿಮಾನಗಳಲ್ಲಿ ಕುಡಿಯುವ ನೀರನ್ನು ಕಳುಹಿಸಿತು; ನೀರನ್ನು ಸಿಹಿಮಾಡುವ ಸಲಕರಣೆಯುಳ್ಳ ನೌಕಾಪಡೆಯ ಹಡಗುಗಳೂ ಅಲ್ಲಿಗೆ ಧಾವಿಸಿದವು.

ದ್ವೀಪವೆಂದರೆ ಕೇವಲ ನೆಲವೂ ನೀರೂ ಅಲ್ಲ, ಅಲ್ಲಿ ಜನರಿದ್ದಾರೆ. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ಮಲಯಾಳದ ಒಂದು ಪ್ರಭೇದವನ್ನು ಆಡುತ್ತಾರೆ. ದಕ್ಷಿಣದ ತುದಿಯ ಮಿನಿಕಾಯ್‌ನಲ್ಲಿ ಮಾತ್ರ ಮಾಲ್ಡೀವ್ಸಿನ ಭಾಷೆಗೆ ಸೇರಿದ ಮಹಲ್ ಎಂಬ ನುಡಿಯಿದೆ. ಅದರ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿದವರಿಗೆ ಇಡೀ ದ್ವೀಪವು ಕಡಲಿನ ಮೇಲೆ ಬಿದ್ದ ಎಲೆಯಂತೆ ಕಾಣುತ್ತದೆ. ದ್ವೀಪದವರ ಮುಖ್ಯ ಉದ್ಯೋಗ ಟ್ಯೂನಾ ಮೀನನ್ನು ಹಿಡಿಯುವುದು. ಅವರ ಕ್ರಮವು ವಿಶಿಷ್ಟವಾದುದು. ಮೊದಲು ಲಗೂನಿನಲ್ಲಿ ಸಣ್ಣ ಮೀನುಗಳನ್ನು ಜೀವಂತವಾಗಿ ಹಿಡಿದು ದೋಣಿಯ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಟ್ಯೂನಾ ಹಿಂಡು ಕಂಡೊಡನೆ ಅವುಗಳನ್ನು ಎರಚುತ್ತಾರೆ. ಹಿಂಡು ಮುತ್ತಿಕೊಂಡಾಗ ಗಾಳದ ಕೋಲುಗಳಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಯೊಳಕ್ಕೆ ಹಾಕುತ್ತಾರೆ. ದೊಡ್ಡ ಬಲೆಯಂತೆ ಇದು ಕಡಲನ್ನು ಬರಿದುಮಾಡುವುದಿಲ್ಲ. ಆ ಸಣ್ಣ ಮೀನುಗಳು ಬೆಳೆಯುವುದು ಲಗೂನಿನ ಹವಳಗಳ ಆಸರೆಯಲ್ಲಿ. ಆದುದರಿಂದ ಅತಿಥಿಯು ನೋಡಿ ನಲಿಯುವ ಹವಳವೇ ಆತಿಥೇಯನ ಅನ್ನದ ಮೂಲವೂ ಆಗಿದೆ. ದ್ವೀಪವಾಸಿಗಳು ಬಹುಪಾಲು ಮುಸಲ್ಮಾನರು, ಸಂಪ್ರದಾಯಶೀಲರು. ಊರಿನ ಬೀದಿಯಲ್ಲಿ ಮರ್ಯಾದೆಯ ಉಡುಪಿನಲ್ಲಿ ನಡೆಯುವುದು, ಒಪ್ಪಿಗೆಯಿಲ್ಲದೆ ಯಾರ ಛಾಯಾಚಿತ್ರವನ್ನೂ ತೆಗೆಯದಿರುವುದು ಅತಿಥಿಯ ಕರ್ತವ್ಯ. ಪರರ ಮನೆಯಲ್ಲಿ ಹೇಗಿರಬೇಕೆಂದು ನಮ್ಮ ಹಿರಿಯರು ಕಲಿಸಿದ್ದು ಇಲ್ಲಿಯೂ ಸಲ್ಲುತ್ತದೆ.

ಪ್ರವಾಸೋದ್ಯಮದಿಂದ ದ್ವೀಪಗಳಿಗೆ ಹಿತವಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮಾಲ್ಡೀವ್ಸಿನಲ್ಲಿ ಮೊದಲ ಪ್ರವಾಸಿಧಾಮವು 1972ರಲ್ಲಿ ಆರಂಭವಾಯಿತು. ಮೀನನ್ನೇ ನಂಬಿದ್ದ ಬಡ ದೇಶಕ್ಕೆ ಅದರಿಂದ ಉದ್ಯೋಗ ದೊರೆಯಿತು. ಶಾಲೆ ಆಸ್ಪತ್ರೆಗಳಿಗೆ ಹಣ ದೊರೆಯಿತು. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿತು. ಅದು ಆ ದೇಶದ ಜನಸಂಖ್ಯೆಯ ಸುಮಾರು ನಾಲ್ಕರಷ್ಟು. ಆದರೆ ಬಂದವರೆಲ್ಲ ಬಿಟ್ಟುಹೋಗುವ ಕಸ ಎಲ್ಲಿಗೆ ಹೋಗಬೇಕು? ಮಾಲೆಯ ಸಮೀಪದ ಒಂದು ಲಗೂನನ್ನು 1990ರ ದಶಕದ ಆರಂಭದಿಂದ ಕಸದಿಂದ ತುಂಬುತ್ತಾ ಬಂದು ತಿಲಫುಶಿ ಎಂಬ ಹೊಸ ದ್ವೀಪವೇ ಏರ್ಪಟ್ಟಿತು. ಹವಳವು ಸಾವಿರಾರು ವರ್ಷಗಳಲ್ಲಿ ದ್ವೀಪವನ್ನು ಕಟ್ಟಿತು; ಮನುಷ್ಯನು ಕೆಲವೇ ದಶಕಗಳಲ್ಲಿ ಕಸದಿಂದ ದ್ವೀಪವನ್ನು ಕಟ್ಟಿದನು. ಲಕ್ಷದ್ವೀಪಕ್ಕೆ ಹೆಚ್ಚು ಪ್ರವಾಸಿಗರನ್ನು ಬರಮಾಡಿಕೊಳ್ಳುವ ಯೋಜನೆಗಳನ್ನು ಹಾಕುವಾಗ ಎಷ್ಟು ಜನರು ಎಂಬ ಪ್ರಶ್ನೆಯೊಂದಿಗೆ ಎಷ್ಟು ನೀರು, ಎಷ್ಟು ಕಸ ಎಂಬ ಪ್ರಶ್ನೆಗಳನ್ನೂ ಕೇಳಬೇಕಾದುದು ಇದೇ ಕಾರಣದಿಂದ.

ಪ್ರವಾಸಿಗನ ಕೈಮೀರಿದ ಕಂಟಕವೂ ಒಂದಿದೆ. ಕಡಲ ನೀರಿನ ಉಷ್ಣತೆಯು ಬೇಸಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಬೇಗನೆ ನೀರು ತಣಿದರೆ ಅದು ಚೇತರಿಸಿಕೊಳ್ಳುವುದುಂಟು; ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಹೀಗೆ ಬಿಳುಚಿಕೊಂಡವು. ಒಂದು ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಪೆಟ್ಟು ಬೀಳುತ್ತಿದೆ. ಭೂಮಿಯ ವಾತಾವರಣವು ಕಾಯುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಸಮುದ್ರಮಟ್ಟವೂ ಏರುತ್ತಿದೆ. ಬಂಗಾರಂ ಸಮೀಪದ ಪರಳಿ ಎಂಬ ಜನವಸತಿಯಿಲ್ಲದ ಕಿರುದ್ವೀಪಗಳಲ್ಲಿ ಒಂದು, 1968ರಲ್ಲಿ ಸುಮಾರು ಮೂರು ಹೆಕ್ಟೇರಿನಷ್ಟಿದ್ದುದು, ಕೊರೆತಕ್ಕೆ ಸಿಕ್ಕಿ ಪೂರ್ತಿಯಾಗಿ ನೀರಿನ ಪಾಲಾಗಿದೆಯೆಂದು 2017ರಲ್ಲಿ ವರದಿಯಾಯಿತು. ನೆಲದ ಬಹುಭಾಗವು ಕಡಲಿಗಿಂತ ಒಂದೆರಡು ಮೀಟರು ಮಾತ್ರ ಎತ್ತರವಿರುವ ನಾಡಿನಲ್ಲಿ ಇದು ಬರಿಯ ಸುದ್ದಿಯಲ್ಲ, ಎಚ್ಚರಿಕೆ.

ಹಾಗಾದರೆ ದ್ವೀಪಗಳಿಗೆ ಹೋಗಲೇಬಾರದೇ? ಹೋಗಬೇಕು. ಕಂಡರಿಯದ ವಸ್ತುವಿನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಪ್ರೀತಿಯಿಲ್ಲದ ಕಡೆ ಕಾಪಾಡುವ ಮನಸ್ಸೂ ಇರುವುದಿಲ್ಲ. ಆದರೆ ಹೋಗುವವನು ದ್ವೀಪದ ಅಳತೆಯನ್ನು ತಿಳಿದು ಹೋಗಬೇಕು. ತಾನು ಒಯ್ದ ಪ್ಲಾಸ್ಟಿಕ್ಕನ್ನು ತಾನೇ ಮರಳಿ ತರಬೇಕು. ನೀರನ್ನು ಮೊಗೆದು ಬಳಸಬೇಕು. ಹವಳವನ್ನು ಕಣ್ಣಿನಿಂದ ಮಾತ್ರ ಮುಟ್ಟಬೇಕು. ಹೀಗೆ ಮಾಡಿದರೆ ಆನಂದಕ್ಕೆ ಕುಂದೇನೂ ಬರುವುದಿಲ್ಲ. ಕಾಲಡಿಯ ಮರಳು ಎಲ್ಲಿಂದ ಬಂದಿತೆಂಬುದನ್ನು ಅರಿತವನಿಗೆ ಅದರ ಬಿಳುಪು ಇನ್ನೂ ಸೊಗಸಾಗಿ ಕಾಣುತ್ತದೆ.

ನಮ್ಮಲ್ಲಿ ಎಲ್ಲರಿಗೂ ಲಕ್ಷದ್ವೀಪವನ್ನು ಕಾಣುವ ಅವಕಾಶ ದೊರೆಯದಿರಬಹುದು. ಆದರೆ ಮಲ್ಪೆಯ ಎದುರಿಗೆ, ಲಾವಾರಸವು ತಣಿದು ಕಂಬಗಳಾಗಿ ನಿಂತಿರುವ ಸೇಂಟ್ ಮೇರೀಸ್ ದ್ವೀಪಗಳಿವೆ. ಮುರುಡೇಶ್ವರದ ಬಳಿಯ ಕಡಲಿನಲ್ಲಿ ಸುತ್ತಲೂ ಹವಳಗಳಿರುವ ನೇತ್ರಾಣಿಯಿದೆ. ಶಾಲೆಯ ಪ್ರವಾಸದಲ್ಲಿ ಅತ್ತ ಹೋಗುವ ವಿದ್ಯಾರ್ಥಿಗಳು ದೋಣಿಯಿಂದ ಇಳಿಯುವ ಮುನ್ನ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ: ಇಲ್ಲಿ ಕುಡಿಯುವ ನೀರು ಎಲ್ಲಿದೆ? ನಾವು ಬಿಟ್ಟುಹೋಗುವುದು ಎಲ್ಲಿ ಸೇರುತ್ತದೆ? ಈ ನೆಲವನ್ನು ಕಟ್ಟಿದವರು ಯಾರು? ಉತ್ತರವನ್ನು ಅರಸುತ್ತಾ ನಡೆಯುವವನಿಗೆ ಎಷ್ಟು ಚಿಕ್ಕ ದ್ವೀಪವೂ ಚಿಕ್ಕದಲ್ಲ.